ಅಂಚಿಗೆ ಬಿಟ್ಟದ್ದು

ಡಬ್ಬಿಯ ಮೇಲಿನ ಚೀಟಿ:
ಯಮನಪ್ಪ ಸಿಂಪಿಗೇರ, ಅರವತ್ತೊಂದು, ಎಡಗಡೆ.
ಹರ್ನಿಯಾ ಎಂದು ತೆರೆದರು, ಸಿಕ್ಕಿದ್ದು ಕೊಬ್ಬಿನ ಗಡ್ಡೆ.
ಕೊನೆಗೊಂದು ಪ್ರಶ್ನೆಯ ಗುರುತು,
ಅವಸರದ ಕೈಯದು.

ರಾತ್ರಿಯೆಲ್ಲ ಫಾರ್ಮಲಿನ್ನಿನಲ್ಲಿ ನೆನೆದು
ಈಗ ಹಲಗೆಯ ಮೇಲೆ ಕೂತಿದೆ,
ಹಲಸಿನ ತೊಳೆಯಂಥ ಹಳದಿ, ಹದಿಮೂರು ಸೆಂಟಿಮೀಟರು.
ಬರೀ ಕೊಬ್ಬಲ್ಲವೇ ಮೇಡಂ, ಎನ್ನುತ್ತಾನೆ ಹೊಸ ಹುಡುಗ ಓಂಕಾರ,
ಎಲ್ಲರೊಳಗೂ ಇರುವುದೇ.
ಹೌದು. ಅದಕ್ಕೇ ಕಷ್ಟ.
ಮನೆಯವರ ಅಂಗಿ ತೊಟ್ಟು ಒಳಬಂದವನನ್ನು
ಯಾರು ತಡೆದು ಕೇಳುತ್ತಾರೆ?

ಮೈಗೆಲ್ಲ ಕಪ್ಪು ಶಾಯಿ ಬಳಿದು ಕೊಯ್ದೆ.
ಬೆಣ್ಣೆಯಲ್ಲಿ ಇಳಿದಂತೆ ಇಳಿದ ಚಾಕು
ಒಂದೆಡೆ ತಡೆಯಿತು: ಬಿಳಿಯ ನಾರು.
ಅಲ್ಲಿಂದ ಎರಡು ತುಂಡು ಹೆಚ್ಚಿಗೆ ತಗೋ, ಎಂದೆ.

ಮೂರನೇ ದಿನ ಹದಿನಾಲ್ಕು ಸ್ಲೈಡು, ಏನೂ ಇಲ್ಲ.
ಖಾಲಿ ಜೇನುತಟ್ಟಿ, ಮತ್ತೆ ಖಾಲಿ ಜೇನುತಟ್ಟಿ.
ಪುಣೆ ಸ್ಟೇಷನ್ನಿನ ಕಡೆಯಿಂದ ಸೋಲಾಪುರದ ಗಾಡಿ ಕೂಗಿತು.
ಹದಿನೈದನೆಯದರಲ್ಲಿ, ನಾರಿನ ಸಂದಿಯಲ್ಲಿ,
ಒಂದು ನ್ಯೂಕ್ಲಿಯಸ್,
ದಪ್ಪ, ಕರ್ರಗೆ, ಸೊಟ್ಟ.
ಪಕ್ಕದಲ್ಲೇ ಇನ್ನೊಂದು.
ಕುರ್ಚಿ ಹಿಂದೆ ಸರಿಸಿ ಕಣ್ಣುಜ್ಜಿಕೊಂಡೆ.
ಇಪ್ಪತ್ತು ವರ್ಷದಲ್ಲಿ, ಈ ಜಾಗದಲ್ಲಿ, ಇದು ಮೂರನೆಯದು.

ಮುಂಬಯಿಗೆ ಕಳಿಸಿದೆ, ಜೀನು ಎಣಿಸುವವರಿಗೆ.
ಎರಡೇ ಚುಕ್ಕೆ ಇರಬೇಕಾದಲ್ಲಿ
ಬೆಲ್ಲಕ್ಕೆ ಮುತ್ತಿದ ಕೆಂಪಿರುವೆ.
ಲೈಪೋಸಾರ್ಕೋಮಾ ಎಂದು ಬರೆದು ಸಹಿ ಮಾಡಿದೆ.
ನನ್ನ ಕೆಲಸ ಅಲ್ಲಿಗೆ ಮುಗಿಯಬೇಕು.

ಸರ್ಜನ್ ಫೋನು ಮಾಡಿದರು:
ಮರಾಠಿ ಚೆನ್ನಾಗಿ ಬರುತ್ತದೆ ಅವನಿಗೆ,
ಆದರೆ ಈ ಮಾತನ್ನು ಮರಾಠಿಯಲ್ಲಿ ಕೇಳಲಾರೆ ಅನ್ನುತ್ತಾನೆ.

ಬಂದ. ಕೊರಳಲ್ಲಿ ಅಳತೆಯ ಟೇಪು, ತೆಗೆಯಲು ಮರೆತದ್ದು.
ಭವಾನಿ ಪೇಠೆಯಲ್ಲಿ ಮೂವತ್ತೆಂಟು ವರ್ಷ
ಮುಖ ಪಕ್ಕಕ್ಕೆ ತಿರುಗಿಸಿ
ಗಂಡಸರ ತೊಡೆಸಂದಿನ ಅಳತೆ ತೆಗೆದವನು.
ತನ್ನ ಪ್ಯಾಂಟನ್ನು ಮಾತ್ರ ನಾಲ್ಕು ವರ್ಷದಿಂದ
ಅರ್ಧರ್ಧ ಇಂಚು ಸಡಿಲಿಸುತ್ತ ಬಂದ.
‘ಹೇಣ್ತಿಗೂ ಹೇಳಿಲ್ರಿ. ಏನಂತ ಹೇಳ್ಲಿ?’

ಹೇಳಿದೆ. ಕೊಬ್ಬೇ, ದಾರಿ ತಪ್ಪಿದ ಕೊಬ್ಬು.
ದೂರ ಹೋಗುವುದು ಕಡಿಮೆ,
ಇದ್ದಲ್ಲಿಗೇ ಮರಳಿ ಬರುವ ಚಟ.
ಗಡ್ಡೆ ಶಾಯಿಯನ್ನು ಮುಟ್ಟಿದೆ ಎಂಬುದಕ್ಕೆ
ನಮ್ಮ ಮಾತಿನಲ್ಲಿ ಏನನ್ನಬೇಕೋ ತಡಕಾಡುತ್ತಿದ್ದೆ,
ಅವನೇ ಕೇಳಿದ, ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತ:
‘ಅಂಚಿಗೆ ಎಷ್ಟು ಬಿಟ್ಟಾರ್ರಿ?’

ಬಿಟ್ಟಿಲ್ಲ, ಎಂದೆ.
‘ಹಂಗಾರ ಹೊಲಿಗಿ ನಿಲ್ಲೂದಿಲ್ಲ.’

ಮತ್ತೆ ಕತ್ತರಿಸಬೇಕು, ಅಗಲವಾಗಿ, ಎಡದ ಬೀಜವೂ ಸೇರಿ.
ಅದನ್ನೂ ಹೇಳಿದೆ.
ಅವನು ಫ್ಯಾನು ನೋಡಿದ. ಬಾಗಿಲು ನೋಡಿದ.
ಆಮೇಲೆ ನನ್ನ ಬಿಳಿ ಕೋಟು.
‘ತೋಳು ಒಂದಿಂಚು ಉದ್ದ ಆಗೇತ್ರಿ ಮೇಡಂ.
ಕೊಡ್ರಿ. ಅಡ್ಮಿಟ್ ಆಗೂಕಿಂತ ಮೊದಲು ಮಾಡಿ ಕೊಡ್ತೀನಿ.’

ತೋಳಿನ ಅಂಚಿನಲ್ಲಿ ಒಣಗಿದ ಕಪ್ಪು ಶಾಯಿ ಇತ್ತು.
ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡೆ.