ಒಬ್ಬಳು ಕಮ್ಮಿ

ಮುಹರ್ರಕ್ಕಿನ ಓಣಿಯಲ್ಲಿ
ಇಬ್ಬರು ಜೊತೆಯಾಗಿ ನಡೆಯಲಾಗುವುದಿಲ್ಲ.
ನಕ್ಷೆಯಿದ್ದದ್ದು ನನ್ನ ಫೋನಿನಲ್ಲಿ,
ಮುಂದೆ ನಡೆದದ್ದು ಅಮ್ಮ.
"ಇಲ್ಲೊಂದು ಐಸಿನ ಅಂಗಡಿ ಇತ್ತು" ಎಂದಳು
ಯಾವುದೋ ಗೋಡೆಗೆ.

ಹಳೆಯ ಮನೆಯೊಂದನ್ನು ರಿಪೇರಿ ಮಾಡಿ
ಹಳೆಯ ಕಾಲವನ್ನು ಒಳಗೆ ಕೂರಿಸಿದ್ದಾರೆ,
ಶನಿವಾರ ಹತ್ತರಿಂದ ಎರಡರವರೆಗೆ.
ಟಿಕೆಟಿಗೆ ಒಂದು ದಿನಾರು, ಅರವತ್ತು ದಾಟಿದವರಿಗೆ ಮಾಫಿ.
ಯಾರೂ ಕೇಳದಿದ್ದರೂ ಅಮ್ಮ ಪಾಸ್‌ಪೋರ್ಟು ತೋರಿಸಿದಳು.
ಈ ದೇಶದಲ್ಲಿ ಅವಳ ಕೈ ತಾನಾಗಿಯೇ
ಚೀಲದ ಆ ಖಾನೆಗೆ ಹೋಗುತ್ತದೆ.

ಅಂಗಳದಲ್ಲಿ ಮುತ್ತು ತೆಗೆಯುವವನ ವೇಷದ ಹುಡುಗ
ಮೂಗಿಗೆ ಚಿಮಟ ಸಿಕ್ಕಿಸಿಕೊಂಡೇ ಫೋನು ನೋಡುತ್ತಿದ್ದ.
ನಾನು ಫಲಕ ಓದಿ ಓದಿ ಹೇಳಿದೆ:
ಇದು ಹವಳದ ಕಲ್ಲಂತೆ. ಇದು ಗಾಳಿಗೋಪುರ,
ನಮ್ಮಲ್ಲಿ ಬರೀ ಮಾತಿಗಿರುವುದು
ಇವರಲ್ಲಿ ಮಾಡಿನ ಮೇಲೇ ಉಂಟು ನೋಡು.
ಅವಳು ಹೂಂಗುಟ್ಟಲಿಲ್ಲ. ಅಡುಗೆಕೋಣೆಯ ಹೊಸ್ತಿಲಲ್ಲಿ ನಿಂತು
"ಒಲೆ ಈ ಕಡೆ ಇಡುವುದಿಲ್ಲ" ಎಂದಳು.
"ಹೊಗೆ ಮಗುವಿಗೆ ಹೋಗ್ತದೆ."
ಯಾವ ಮಗು ಎಂದು ನಾನು ಕೇಳಲಿಲ್ಲ.

ಒಳಗೆ ಚಾಪೆಯ ಮೇಲೆ ಮೂವರು ಹೆಂಗಸರು,
ಬೆರಳು ಬೆರಳಿಗೂ ನೂಲು ಸಿಕ್ಕಿಸಿಕೊಂಡು.
ನಿಲುವಂಗಿಯ ಅಂಚಿಗೆ ಜರಿ ಹೆಣೆಯುವ ಕೆಲಸ,
ಕುರಾರ್ ಎನ್ನುತ್ತಾರೆ.
ಎದುರು ಸೂಜಿ ಹಿಡಿದಿದ್ದ ಮುದುಕಿ ಏನೋ ಗೊಣಗಿದಳು.
ಅಮ್ಮ ನಕ್ಕಳು.
ಹನ್ನೊಂದು ವರ್ಷದಿಂದ ಇಲ್ಲಿ
ಹಲ್ಲಿನ ಡಾಕ್ಟರರ ಲೆಕ್ಕ ಬರೆಯುವ ನನಗೆ ಬರುವ ಅರಬ್ಬಿ
ಟ್ಯಾಕ್ಸಿಯವನಿಗೆ ಎಡ, ಬಲ, ಸಾಕು.
"ಏನಂತೆ?"
"ಒಬ್ಬಳು ಕಮ್ಮಿ ಅಂತೆ. ಸೊಸೆಗೆ ಜ್ವರ."
ಹೇಳುತ್ತಲೇ ಚಪ್ಪಲಿ ಬಿಟ್ಟಾಗಿತ್ತು.

ಹಗ್ಗದ ಈಚೆಗೆ ನೋಡುವವರು, ಆಚೆಗೆ ಚರಿತ್ರೆ.
ಅಮ್ಮ ಹಗ್ಗ ಎತ್ತಿ, ಬಗ್ಗಿ, ಆಚೆಗೆ ಹೋದಳು,
ಬಟ್ಟೆ ಒಣಗಿಸುವ ತಂತಿಯಡಿ ನುಸುಳಿದ ಹಾಗೆ.
ಮೊಣಕಾಲು ನೋವೆಂದು ಇಗರ್ಜಿಯಲ್ಲೂ ಕುರ್ಚಿ ಕೇಳುವವಳು
ಚಕ್ಕಳಮಕ್ಕಳ ಹಾಕಿದಳು,
ಎರಡೂ ಕೈ ಮುಂದೆ ಚಾಚಿ ಬೆರಳು ಬಿಡಿಸಿದಳು.
ಮುದುಕಿ ಒಂದು ಕ್ಷಣ ಆ ಬೆರಳುಗಳನ್ನು ನೋಡಿ
ಮಾತಿಲ್ಲದೆ ನೂಲು ತೊಡಿಸಿದಳು.

ಪಾಂಬೂರಿಗೆ ತಿಂಗಳಿಗೊಂದು ಕಾಗದ ಬರುತ್ತಿತ್ತು.
ನಾನು ಹುಷಾರು, ನೀನು ಹುಷಾರಾ,
ದೊಡ್ಡಮ್ಮ ಹೇಳಿದ ಹಾಗೆ ಕೇಳು.
ಏನು ಕೆಲಸವೆಂದು ಒಂದರಲ್ಲೂ ಇರಲಿಲ್ಲ;
ಅರಬರ ಮನೆಯಲ್ಲಿ ಎಂದರೆ ಊರಿಗೆ ಸಾಕಿತ್ತು.
ನಾನು ಬಕೀಟು ಕಂಡಿದ್ದೆ, ಒದ್ದೆ ನೆಲ ಕಂಡಿದ್ದೆ,
ಮೂರು ವರ್ಷಕ್ಕೊಮ್ಮೆ ಟ್ರಂಕು ತೆರೆದಾಗ
ಏಳುವ ಸಾಬೂನಿನ ಘಮದಲ್ಲಿ ಏನೇನೋ ಕಂಡಿದ್ದೆ.
ಹೀಗೆ ಜರಿಯ ನೂಲಿನಲ್ಲಿ
ನಾಲ್ಕು ಹೆಂಗಸರ ನಡುವೆ ಮಾತು ದಾಟಿಸುತ್ತ ಕೂತವಳನ್ನಲ್ಲ.

ಮುದುಕಿ ಹೆಸರು ಕೇಳಿದಳು. ಅಷ್ಟು ನನಗೂ ತಿಳಿಯಿತು.
ಸೆರಾಫಿನ್ ಎನ್ನುತ್ತಾಳೆಂದು ಕಾದೆ.
"ಸಾರಾ" ಎಂದಳು ಅಮ್ಮ,
ನೂಲಿನಿಂದ ಕಣ್ಣು ಕೀಳದೆ.

ಗೋಡೆಯ ಫಲಕದಲ್ಲಿ ಇಂಗ್ಲಿಷಿನಲ್ಲೂ ಇತ್ತು:
ಮನೆಯ ಹೆಂಗಸರು, ನೆರೆಯವರು ಸೇರಿ ಹೆಣೆಯುತ್ತಿದ್ದರು.
ಎರಡು ಸಲ ಓದಿದೆ.
ಪಕ್ಕದಲ್ಲಿ ಫೋಟೋ ತೆಗೆಯುತ್ತಿದ್ದ ಬಿಳಿಯ ಹೆಂಗಸು
ಅಮ್ಮನ ಕಡೆ ಬೆರಳು ತೋರಿಸಿ, "ಇವರು ಇಲ್ಲಿಯವರಾ?" ಎಂದಳು.
ಹೌದು ಎಂದುಬಿಟ್ಟೆ.
ಹದಿನೆಂಟು ವರ್ಷ. ಸುಳ್ಳೇನಲ್ಲ.

ಕಾರು ಸುಟ್ಟುಹೋಗುವಷ್ಟು ಕಾದಿತ್ತು.
ಅವಳ ಬೆರಳ ಬುಡದಲ್ಲಿ ಇನ್ನೂ ಕೆಂಪು ಗೆರೆ.
"ಅವನ ಹೆಸರೇನು?"
"ಯಾರದ್ದು?"
"ಹೊಗೆ ತಾಗಬಾರದಿದ್ದವನದ್ದು."
ಅಮ್ಮ ಬೆಲ್ಟಿನ ಕೊಂಡಿ ಹುಡುಕಿದಳು. ಸಿಗಲಿಲ್ಲ. ನಾನೇ ಹಾಕಿದೆ.
"ಹುಡುಗ ಅಲ್ಲ ಮಾರಾಯ್ತಿ, ಹುಡುಗಿ.
ನಿನ್ನದೇ ಪ್ರಾಯ."
ಆಮೇಲೆ ಕೈ ಚಾಚಿ
ತನ್ನೆದುರಿನ ಎಸಿಯ ಗಾಳಿಯನ್ನು
ನನ್ನ ಕಡೆಗೆ ತಿರುಗಿಸಿದಳು.