ನಾಲ್ಕು ನಿಮಿಷ

ಖಸಬಿನ ದಕ್ಕೆ ಬಿಡುವಾಗ ಮೂರು ಕಡ್ಡಿ ಇತ್ತು.
ದೋಣಿ ಕಲ್ಲುಗುಡ್ಡದ ಮೂಗು ಸುತ್ತುವ ಹೊತ್ತಿಗೆ ಒಂದು.
ಗುಲಾಬಿ ಹೇಳುತ್ತಿದ್ದಳು:
"ಹ್ವಾಯ್, ನೀವ್ ಅವತ್ತ್ ಹೇಳ್ದ್ರಲ್ಲ,
ನಾನ್ ಆಲೋಚ್ನಿ ಮಾಡ್ದೆ. ನಂಗೆ..."

'ನಂಗೆ' ಎಂಬಲ್ಲಿಗೆ ಗುಡ್ಡ ಅಡ್ಡ ಬಂತು.

ನಾನು ಐಸ್ ಮಿಷನ್ ರಿಪೇರಿಯವನು.
ಕಾಲ ಬುಡದಲ್ಲಿ ಕಂಪ್ರೆಸರು, ಗ್ಯಾಸಿನ ಎರಡು ಸಿಲಿಂಡರು,
ಫೋನಿನೊಳಗೆ ಎರಡು ಸಿಮ್ಮು: ಒಂದು ಇಲ್ಲಿನದು,
ಇನ್ನೊಂದು ಗಂಗೊಳ್ಳಿಯದು,
ಬ್ಯಾಂಕಿನ ಓಟಿಪಿಗಾಗಿ ಮಾತ್ರ ಜೀವ ಹಿಡಿದಿರುವುದು.
ಹೊಳೆ ದಾಟುವವರು ಕೂಸನ್ನು ಎತ್ತಿ ಹಿಡಿದಂತೆ
ಫೋನನ್ನು ತಲೆಯ ಮೇಲೆ ಹಿಡಿದು ನಿಂತೆ.
ಚುಕ್ಕಾಣಿ ಬಿಡದೆ ಜುಮಾ ನಕ್ಕ.
ಕುಮ್ಜಾರಿನ ಟವರ್ ಕೆಟ್ಟು ಹನ್ನೊಂದು ದಿನವಂತೆ.
"ಮೀನಿಗೆ ಗೊತ್ತಾಗಿಲ್ಲ ಇನ್ನೂ" ಅಂದ.

ದಾರಿಯಲ್ಲಿ ಒಂದು ಕಡೆ ಬೆರಳು ತೋರಿಸಿದ.
ಆ ಕವಲಿನ ಒಳಗೆ, ನೀರು ಅಲುಗದ ಕಡೆ, ಒಂದು ಕುದುರು.
ಹಿಂದೆ ಇಂಗ್ಲಿಷರು ಸಮುದ್ರದ ತಳದಲ್ಲಿ ತಂತಿ ಎಳೆದು
ಅಲ್ಲಿ ಮನೆ ಕಟ್ಟಿ ಕೂತಿದ್ದರಂತೆ,
ಯಾರದ್ದೋ ಮಾತನ್ನು ಇತ್ತಲಿಂದ ಹಿಡಿದು
ಅತ್ತ ದಾಟಿಸುವುದಕ್ಕೆ.
"ಅವರ ಮನೆಮಂದಿಯ ಮಾತು ಬರುತ್ತಿತ್ತಾ?" ಕೇಳಿದೆ.
ಜುಮಾನಿಗೆ ಗೊತ್ತಿರಲಿಲ್ಲ.
ಈಗ ಕೆಲವು ಗೋಡೆ, ಒಂದಷ್ಟು ಮೆಟ್ಟಿಲು,
ಪ್ರವಾಸಿಗಳು ಬಿಸಾಕಿದ ನೀರಿನ ಬಾಟಲಿ.

ಮೂರು ದಿನ ಮಿಷನ್ನಿನ ಹೊಟ್ಟೆ ಬಿಚ್ಚಿಕೊಂಡು ಕೂತೆ.
ಕಂಡೆನ್ಸರಿನ ಉಪ್ಪು ಕೆರೆಯುತ್ತಾ
'ನಂಗೆ'ಗೆ ಬಾಲ ಹಚ್ಚುತ್ತಿದ್ದೆ.
ನಂಗೆ ಒಪ್ಪಿಗೆ.
ನಂಗೆ ಸಾಕಾಯ್ತ್.
ನಂಗೆ ಯೂನಿಫಾರ್ಮಿಗೆ ನೂರಿಪ್ಪತ್ತ್ ಮೀಟರ್ ನೀಲಿ ಬಟ್ಟೆ ಬೇಕ್.
ಅವತ್ತು ಅಂದರೆ ಯಾವತ್ತು? ನಾನೇನು ಹೇಳಿದ್ದೆ?
ಹೊಲಿಗೆ ಅಂಗಡಿ ಮುಚ್ಚಿ ಇಲ್ಲಿಗೆ ಬಾ ಅಂದಿದ್ದೆನೆ,
ನಾನೇ ಬಂದುಬಿಡುತ್ತೇನೆ ಅಂದಿದ್ದೆನೆ,
ಇಲ್ಲ, ಸಿಟ್ಟಿನಲ್ಲಿ ಆ ಇನ್ನೊಂದು ಮಾತೆ?
ಎರಡನೇ ದಿನ ಐಸು ಕಟ್ಟಿತು, ಆದರೆ ಮಂಜು ಮಂಜಾಗಿ.
ಕುಮ್ಜಾರಿನ ಮುದುಕನೊಬ್ಬ ಮುಟ್ಟಿ ನೋಡಿ
ತಲೆಯಾಡಿಸಿ ಹೋದ.

ರಾತ್ರಿ ಗೋರಿಗಳ ಹಿಂದಿನ ಗುಡ್ಡ ಹತ್ತಿದೆ.
ಆಡುಗಳು ಎದ್ದು ದಾರಿ ಕೊಟ್ಟವು.
ತುದಿಯಲ್ಲಿ ಫೋನು ಒಮ್ಮೆ ನಡುಗಿತು:
ಇರಾನಿಗೆ ಸ್ವಾಗತ.
ಆಚೆ ದಡದ ಯಾವುದೋ ಟವರ್
ನನ್ನನ್ನು ತನ್ನವನೆಂದು ಎಣಿಸಿ
ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿತ್ತು.
ಊರಲ್ಲಿ ಹತ್ತೂವರೆ, ದೋಣಿಯ ಬಳಿ ಒಂಬತ್ತು,
ನನ್ನ ಅಂಗೈಯಲ್ಲಿ ಎಂಟೂವರೆ.
ರೋಮಿಂಗಿಗೆ ಕಾಸಿಲ್ಲ. ಕಳಿಸಿದ ಒಂದು ಸಾಲು
ಗರಗರ ತಿರುಗಿ ಕೆಂಪಾಗಿ ಅಲ್ಲೇ ಬಿತ್ತು.
ಬಿಟ್ಟಿ ಸಿಕ್ಕ ಅರ್ಧ ಗಂಟೆಯನ್ನು ಏನು ಮಾಡುವುದು ತಿಳಿಯದೆ
ಹಡಗುಗಳ ದೀಪ ಎಣಿಸಿದೆ. ಇಪ್ಪತ್ತಾರು.
ಕೆಳಗಿಳಿದೊಡನೆ ಅದನ್ನೂ ಕಿತ್ತುಕೊಂಡರು.

ವಾಪಸು ಬರುವಾಗ ಅದೇ ಕಲ್ಲಿನ ಮೂಗು ದಾಟಿದ್ದೇ
ಕಿಸೆಯೊಳಗೆ ಒಂದೇ ಸಮ ಠಣಠಣ.
ಕಂಪನಿಯವರು, ಬ್ಯಾಂಕಿನವರು, ಯಾರದ್ದೋ ಹುಟ್ಟುಹಬ್ಬ.
ಎಲ್ಲದರ ಅಡಿಯಲ್ಲಿ ಗುಲಾಬಿಯ ದನಿ,
ಹಿನ್ನೆಲೆಯಲ್ಲಿ ಹೊಲಿಗೆ ಮಿಷನ್ನು:
"ಕಾಣಿ, ನಾಲ್ಕ್ ನಿಮಿಷ ಒಬ್ಳೇ ಮಾತಾಡಿದ್ದೆ.
ಕಟ್ಟಾದ್ದ್ ಗೊತ್ತೇ ಆಯ್ಲಿಲ್ಲ.
ನೀವ್ ಯಾವತ್ತೂ ಹಾಂಗೇ ಅಲ್ದಾ, ಸುಮ್ನೆ ಕೇಂತ್ರಿ."

ಫೋನ್ ಮಾಡಿದೆ. ಏನು ಹೇಳಿದ್ದೆ ಆ ನಾಲ್ಕು ನಿಮಿಷ?
ಮಿಷನ್ನು ನಿಂತಿತು.
"ಅದ್ ಮತ್ತೊಂದ್ಸಲ ಹೇಳುಕ್ ಆತಿಲ್ಲ ಮಾರಾಯ್ರೆ."
ಮತ್ತೆ ಶುರುವಾಯಿತು, ಶಾಲೆ ತೆರೆಯುವ ಮಾತು,
ನೀಲಿ ಬಟ್ಟೆಯ ದರ, ಗುಂಡಿ ಹಚ್ಚುವ ಹುಡುಗಿ ಬಿಟ್ಟುಹೋದದ್ದು.
ಅವಳು ಉಸಿರು ತೆಗೆದುಕೊಂಡಲ್ಲೆಲ್ಲ
ನಾನು ಹ್ಞೂಂ ಅಂದೆ.
ಇಂಜಿನ್ನಿನ ಸದ್ದಿನ ಮೇಲೆ, ಜೋರಾಗಿ, ಹ್ಞೂಂ.
ಜುಮಾ ತಿರುಗಿ ನೋಡಿದ,
ಎಲ್ಲಿ ನೋವಾಯಿತೋ ಎಂದು.