ಕಾಲಂ ಹದಿನಾಲ್ಕು

ಸುತ್ತೋಲೆ ಬಂದು ಮೂರು ವಾರ.
ಸೊಸೈಟಿಯ ಕಿಟಕಿ ಪಕ್ಕ ಮೊಳೆಗೆ ಸಿಕ್ಕಿಸಿದ್ದೆ.
ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆ
ಅದನ್ನು ನನಗಿಂತ ಮೊದಲು ಓದಿತು.

ಇವತ್ತು ತಪಾಸಣೆಗೆ ಓಬಳೇಶಪ್ಪ ಬಂದರು.
ದಂಡ ಎಷ್ಟೋ ಏನೋ ಎಂದು
ಅಧ್ಯಕ್ಷೆ ಖೈರುನ್ನಿಸಾ ಸೆರಗಿನ ತುದಿ ಬೆರಳಿಗೆ ಸುತ್ತುತ್ತಲೇ ಇದ್ದರು.
ಬಂದವರು ಚಪ್ಪಲಿ ಬಿಟ್ಟು, ಕೂತು, ಕೇಳಿದ್ದು
ಒಂದು ಪೆನ್ಸಿಲ್, ಒಂದು ರಬ್ಬರ್.

'ಕಾಲಂ ಹದಿನಾಲ್ಕು ಯಾಕಮ್ಮ ಖಾಲಿ?'
'ಮುಳುಗೋ ಸಾಲ ನಮ್ಮಲ್ಲಿಲ್ಲ ಸಾರ್.
ತಡ ಮಾಡೋರು ಇದಾರೆ, ಅಷ್ಟೆ.'

ಮೂಲೆಯ ಮಂಡಕ್ಕಿ ಚೀಲ ತೋರಿಸಿದರು.
ಆಳೆತ್ತರ; ಒಂದೇ ಕೈಯಲ್ಲಿ ಎತ್ತಬಹುದು.
'ಲೆಕ್ಕಾನೂ ಹಿಂಗೇ ಉಬ್ಬತ್ತೆ.
ತೂಕ ಬರೀರಿ, ಎತ್ತರ ಅಲ್ಲ.'

ಸಂಜೆವರೆಗೆ ಬರೆದೆವು, ಅಳಿಸಿದೆವು, ಬರೆದೆವು.
ಒಂಬತ್ತು ಹೆಸರು ತಕ್ಕಡಿಗೆ ಬಂದವು.
ಹತ್ತನೆಯದು ನಮ್ಮಣ್ಣ ದಾದಾಪೀರನದು.
ಪೆನ್ಸಿಲ್ ನಿಂತಿತು.
ಅವರು ಕಿಟಕಿಯಾಚೆ ನೋಡುತ್ತ
ಆರಿಹೋದ ಚಹಾವನ್ನು ಬಿಸಿ ಇದೆ ಎಂಬಂತೆ
ಗುಟುಕು ಗುಟುಕಾಗಿ ಕುಡಿದರು.

ಬರೆದೆ.

ಹೋಗುವಾಗ ಸುತ್ತೋಲೆಯ ಬೆನ್ನಿಗೆ
ತಮ್ಮ ಫೋನ್ ನಂಬರ್ ಗೀಚಿದರು:
'ತಪ್ಪಾದ ಮೇಲಲ್ಲ, ಅನುಮಾನ ಬಂದಾಗಲೇ.'

ಮೇಜಿನ ತುಂಬ ರಬ್ಬರಿನ ಹೊಟ್ಟು.
ಊದಿದೆ.
ಅಣ್ಣನ ಮನೆಗೆ ಇವತ್ತೇ ಹೋಗಬೇಕು.